ಹಲಗೆಯ ಮೇಲೆ ಅಮ್ಮನ ಕೈ

ಅಣ್ಣ ತಮ್ಮ ಇಬ್ಬರೂ ಲಿಫ್ಟ್ ರಿಪೇರಿಯವರು. ಅಣ್ಣನದು ಮಾತು ಕಡಿಮೆ, ಕೈ ಚುರುಕು. ತಮ್ಮ ಹೆಸರಿಗೆ ಗುಂಡ, ನೋಡಿದರೆ ಕಡ್ಡಿ ಪೈಲ್ವಾನ. ಹುಟ್ಟಿದಾಗ ದುಂಡಗಿದ್ದನಂತೆ, ಮೈ ಕರಗಿತು, ಹೆಸರು ಉಳಿಯಿತು. ಎಲ್ಲಿ ಹೋದರೂ ನಾಲ್ಕು ಜನರನ್ನು ನಗಿಸದೆ ಬರುವವನಲ್ಲ. ಎರಡು ಕೋಣೆಯ ಮನೆಯಲ್ಲಿ ಅಮ್ಮನೊಂದಿಗೆ ಇದ್ದರು. ಅಮ್ಮ ಶಿಶುವಿಹಾರದಲ್ಲಿ ಆಯಾ. ಕಂಡವರ ಮಕ್ಕಳ ಮೂಗು ಒರೆಸಿ ಒರೆಸಿಯೇ ತನ್ನಿಬ್ಬರನ್ನು ದಡ ಮುಟ್ಟಿಸಿದವಳು.

ಒಂದು ಮಂಗಳವಾರ ಬೆಳಿಗ್ಗೆ ಗುಂಡ ಹನ್ನೊಂದನೇ ಮಹಡಿಯಿಂದ ಜಾರಿ, ಲಿಫ್ಟ್ ಓಡಾಡುವ ಬಾವಿಯೊಳಗೆ ಬಿದ್ದ. ಅಣ್ಣ ಆಗ ಪಟ್ಟಣದ ಇನ್ನೊಂದು ತುದಿಯಲ್ಲಿ ಮೋಟರು ಬಿಚ್ಚಿಕೊಂಡು ಕೂತಿದ್ದ. ಫೋನು ಬಂದದ್ದೇ, ಕೈಗೆ ಮೆತ್ತಿದ ಗ್ರೀಸನ್ನೂ ಒರೆಸಿಕೊಳ್ಳದೆ ಓಡಿದ.

ಶವಾಗಾರದಲ್ಲಿ ಗುರುತು ಹಿಡಿಯಬೇಕಿತ್ತು. ಅಲ್ಲಿ ಹೆಣ ತೊಳೆದು ಸಿದ್ಧಮಾಡುವ ಹೆಂಗಸು ಬಿಳಿ ಬಟ್ಟೆಯ ತುದಿ ಹಿಡಿದು ಅವನತ್ತ ನೋಡಿದಳು.

“ಮುಖ ಬೇಡಮ್ಮ. ಕೈ ತೋರ್ಸಿ, ಸಾಕು” ಅಂದ.

ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಚಿಕ್ಕಂದಿನಲ್ಲಿ ಬಾಗಿಲ ಸಂದಿಗೆ ಸಿಕ್ಕಿ ಆದದ್ದು. ಬಾಗಿಲು ತಳ್ಳಿದವನು ಅಣ್ಣನೇ. “ನಮ್ಮವನೇ” ಎಂದು ಸಹಿ ಹಾಕಿ ಹೊರಗೆ ಬಂದ.

ಮರುದಿನ ಮುಚ್ಚಿದ ಶವಪೆಟ್ಟಿಗೆ ಮನೆಗೆ ಬಂತು. ಅಮ್ಮ ಅದರ ಪಕ್ಕ ನೆಲಕ್ಕೆ ಕುಸಿದಳು. “ತೆಗೀರೋ. ಒಂದ್ಸಲ ನೋಡ್ಬಿಡ್ತೀನಿ.”

“ತೆಗಿಯೋ, ನೋಡ್ದಿದ್ರೆ ಹೆತ್ತ ಕರುಳು ನಂಬಲ್ಲ” ಅಂದಳು ಚಿಕ್ಕಮ್ಮ.

“ಸುಮ್ನಿರಮ್ಮ. ನಗ್ತಾ ಇದ್ದ ಮುಖಾನೇ ನೆನಪಲ್ಲಿರ್ಲಿ” ಅಂದ ಸೋದರಮಾವ.

ಎಲ್ಲರೂ ಅಣ್ಣನ ಕಡೆ ತಿರುಗಿದರು. ಅವನು ಎರಡೂ ಕೈಯನ್ನು ಮುಚ್ಚಳದ ಮೇಲೆ ಊರಿ ನಿಂತ. “ನಾನು ನೋಡಿದ್ದೀನಮ್ಮ. ನೀನು ನೋಡ್ಬೇಡ.”

ದೊಡ್ಡವನ ಮಾತನ್ನು ಅಮ್ಮ ಎಂದೂ ಮೀರಿದವಳಲ್ಲ. ಮುಖ ಇಲ್ಲಿರಬಹುದು ಎಂದು ಅಂದಾಜು ಮಾಡಿ ಹಲಗೆಯನ್ನು ಸವರತೊಡಗಿದಳು. ಅದು ಕಾಲಿನ ಕಡೆ. ಅಣ್ಣನಿಗೆ ಗೊತ್ತಿತ್ತು, ಆದರೂ ಸವರಲು ಬಿಟ್ಟ.

ಆಮೇಲೆ ಅಮ್ಮನ ಕಣ್ಣು ಬೀದಿಯಲ್ಲಿ ಅಲೆಯತೊಡಗಿತು. ಹಿಂದಿನಿಂದ ಗುಂಡನ ಹಾಗೆ ತೆಳ್ಳಗಿದ್ದ ಯಾವ ಹುಡುಗ ಕಂಡರೂ ಹೆಜ್ಜೆ ಬಿರುಸಾಗುತ್ತಿತ್ತು. ಒಮ್ಮೆ ಅಂಥವನೊಬ್ಬನ ಹಿಂದೆ ಬಸ್ಸಿಳಿದು ಎಲ್ಲಿಗೋ ಹೋಗಿಬಿಟ್ಟಳು. ಅಣ್ಣ ಹುಡುಕಿ ಕರೆತಂದ. ನಾಲ್ಕು ತಿಂಗಳು ಹೀಗೇ ಕಳೆಯಿತು. ಒಂದು ಸಂಜೆ ಒಣಗಿದ ಬಟ್ಟೆ ಮಡಚುತ್ತಾ ಕೇಳಿದಳು:

“ಹೇಗಿತ್ತೋ ಅವನ ಮುಖ?”

“ಮಲಗಿದ ಹಾಗೇ ಇತ್ತಮ್ಮ. ಒಂದು ಗೀರೂ ಆಗಿರ್ಲಿಲ್ಲ.”

ಸಮಾಧಾನವಾಗಲಿ ಎಂದೇ ಹೇಳಿದ್ದ. ಅಮ್ಮನ ಕೈ ನಿಂತಿತು.

“ಮತ್ತೆ ನಂಗ್ಯಾಕೆ ತೋರಿಸ್ಲಿಲ್ಲ?”

ಅವನು ಮಡಚಿದ್ದ ಬಟ್ಟೆಯನ್ನೇ ಎತ್ತಿಕೊಂಡು ಮತ್ತೆ ಮಡಚಿದ. ಕೊನೆಗೆ, “ನಾನೂ ನೋಡ್ಲಿಲ್ಲಮ್ಮ. ಧೈರ್ಯ ಸಾಲ್ಲಿಲ್ಲ” ಅಂದ.

ಅವಳು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. “ಹಾಗಾದ್ರೆ ನಮ್ಮೋರು ಅಂತ ಯಾರೂ ನೋಡ್ದೇನೇ ಕಳಿಸಿಬಿಟ್ವಾ ಅವನನ್ನ?” ಅಂದವಳು, ಮೂರು ವಾರ ಅವನೊಡನೆ ತುಟಿ ಬಿಚ್ಚಲಿಲ್ಲ. ಹೊತ್ತುಹೊತ್ತಿಗೆ ತಟ್ಟೆ ಮಾತ್ರ ಅವನ ಮುಂದೆ ಬರುತ್ತಿತ್ತು.

ಅಣ್ಣ ಮತ್ತೆ ಶವಾಗಾರಕ್ಕೆ ಹೋದ. “ಕೈ ನೋಡಿ ಹೋದೋರಲ್ವಾ?” ಎಂದು ಆ ಹೆಂಗಸೇ ಗುರುತು ಹಿಡಿದಳು. ಅವನು ನಡೆದದ್ದೆಲ್ಲ ಹೇಳಿಕೊಂಡ. ಭಾನುವಾರ ಅವಳು ತಾನಾಗಿ ಮನೆಗೆ ಬಂದು, ಅಮ್ಮನ ಎದುರು ಮಂಡಿಗೆ ಮಂಡಿ ತಾಗುವಂತೆ ಕೂತಳು.

“ಸುಳ್ಳು ಹೇಳಲ್ಲಮ್ಮ. ಎಡಗಡೆ ನೋಡೋ ಹಾಗಿರ್ಲಿಲ್ಲ. ಬಲಗಡೆ ಏನೂ ಆಗಿರ್ಲಿಲ್ಲ, ರೆಪ್ಪೆ ಮಗೂದು ಇದ್ದ ಹಾಗಿತ್ತು. ತಲೆ ತೊಳೆದು ಬಾಚಿದೆ. ಎಡಗಡೆಗೆ ಬಟ್ಟೆ ಸುತ್ತಿ, ಚೆನ್ನಾಗಿರೋ ಕಡೆ ಕಾಣೋ ಹಾಗೆ ಮುಖ ತಿರುಗಿಸಿಟ್ಟೆ. ಮಾರನೇ ದಿನ ಬೆಳಿಗ್ಗೆಯೆಲ್ಲ ಅದೇ ಕೆಲಸ. ನೀವು ನೋಡ್ತೀರಿ ಅಂತಾನೇ ಮಾಡಿದ್ದು.”

ಬಾಗಿಲಿಗೆ ಒರಗಿ ನಿಂತಿದ್ದ ಅಣ್ಣ ತನ್ನ ಕೈಗಳನ್ನು ನೋಡಿಕೊಂಡ. ಅಮ್ಮನಿಗಾಗಿ ಸಿದ್ಧಮಾಡಿದ್ದ ಮುಖದ ಮೇಲೆ ತಾನು ಕೈ ಊರಿ ನಿಂತಿದ್ದ.

“ಕೂದಲು ಹೇಗೆ ಬಾಚಿದ್ರಿ?” ಅಮ್ಮ ಕೇಳಿದಳು.

“ಹಿಂದಕ್ಕೆ.”

“ಅವನು ಹಣೆ ಮೇಲೆ ಬಿಟ್ಕೋತಿದ್ದ.”

“ಗೊತ್ತಿರ್ಲಿಲ್ಲಮ್ಮ. ಹೇಳೋರು ಯಾರೂ ಇರ್ಲಿಲ್ಲ.”

ಅಮ್ಮ ಅವಳ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. ಮಗ ಸತ್ತಮೇಲೆ ಮೊದಲ ಸಲ ದನಿ ತೆಗೆದು ಅತ್ತಳು.

ಅಂದಿನಿಂದ ಬೀದಿಯಲ್ಲಿ ಯಾರ ಹಿಂದೆಯೂ ಹೋಗಲಿಲ್ಲ. ಅಣ್ಣನೊಡನೆ ಮಾತೂ ಶುರುವಾಯಿತು: ನೀರು ಬಂತಾ, ಬೇಗ ಬಾ, ಹುಷಾರು. ಗುಂಡನ ಮಾತನ್ನು ಮಾತ್ರ ಅವನ ಮುಂದೆ ಎತ್ತಲಿಲ್ಲ. ಅದಕ್ಕಾಗಿ ತಿಂಗಳಿಗೊಮ್ಮೆ ಆ ಹೆಂಗಸಿನ ಮನೆಗೆ ಹೋಗುತ್ತಿದ್ದಳು. ಅಣ್ಣ ಬಾಗಿಲವರೆಗೆ ಬಿಟ್ಟು, ಎದುರಿನ ಕಟ್ಟೆಯ ಮೇಲೆ ಕೂತಿರುತ್ತಿದ್ದ. ಒಳಗೆ ಬಾ ಎಂದು ಅಮ್ಮ ಒಮ್ಮೆಯೂ ಕರೆಯಲಿಲ್ಲ. ಬರಲೇ ಎಂದು ಅವನೂ ಕೇಳಲಿಲ್ಲ.