ಪುಕೆಕೊಹೆಯಲ್ಲಿ ಹೆಣ್ಣು ನೋಡಿದ್ದು

ಹೆಣ್ಣು ನೋಡುವುದೆಂದರೆ ಉಪ್ಪಿಟ್ಟು, ಕೇಸರಿಬಾತು ಇರಬೇಕು. ನನಗೆ ಸಿಕ್ಕಿದ್ದು ಪ್ರೀತಿ-ಮದುವೆಯ ಕುರಿತ, ಜರ್ಮನ್ನರೇ ಮರೆತುಬಿಟ್ಟ ಒಂದು ಜರ್ಮನ್ ಹಾಸ್ಯ ಸಂಗೀತ ನಾಟಕ. ರಜೆಗೆಂದು ಪರದೇಶಕ್ಕೆ, ಮೌಂಟ್ ರಾಸ್ಕಿಲ್‌ನ ಅಕ್ಕನ ಮನೆಗೆ ಬಂದ ನನ್ನನ್ನು ಪಕ್ಕದ ಮನೆಯ ಸುಮಾ ಆಂಟಿ ಪುಕೆಕೊಹೆಯ ಈ ಸಭಾಂಗಣಕ್ಕೆ ಎಳೆದು ತಂದಿದ್ದಾರೆ. ಹುಡುಗಿ ಮೈಸೂರಿನವಳು, ಇಲ್ಲಿ ನರ್ಸ್. ಹವ್ಯಾಸಕ್ಕೆ ಈ ನಾಟಕದ ಮೇಳದಲ್ಲಿ ಹಾಡುತ್ತಾಳಂತೆ. ನಾನು ನಾಳೆ ಊರಿಗೆ ವಾಪಸ್, ಇಬ್ಬರ ಒಪ್ಪಿಗೆಯೂ ಇವತ್ತೇ ಗೊತ್ತಾಗಬೇಕಂತೆ.

"ಎಡಗಡೆಯಿಂದ ಮೂರನೆಯವಳು ಕಣೋ, ಸರಿಯಾಗಿ ನೋಡು" ಎಂದು ಆಂಟಿ ವೇದಿಕೆಯತ್ತ ಬೆರಳು ತೋರಿಸಿದರು.

ಏನು ನೋಡುವುದು? ಎಲ್ಲರಿಗೂ ಒಂದೇ ಹಳದಿ ವಿಗ್ಗು. ಮೂರನೆಯವಳನ್ನು ಹಿಡಿಯುವಷ್ಟರಲ್ಲಿ ಅವಳು ಕುಣಿದು ಏಳನೆಯವಳಾಗಿರುತ್ತಾಳೆ. ಸಾಲದ್ದಕ್ಕೆ ಡೊಳ್ಳುಹೊಟ್ಟೆಯ, ಮೀಸೆಯ ಮದುಮಗನೊಬ್ಬ ಅಡ್ಡ. ಮಾತಿಲ್ಲ, ಹಾಡಿಲ್ಲ, ಹೂಗುಚ್ಛ ಹಿಡಿದು ನಾಯಕಿಯ ಹಿಂದೆ ಬರೀ ಓಡಾಟ.

ವಿರಾಮದಲ್ಲಿ, ಚಹಾದ ಮೇಜಿನ ಹತ್ತಿರ, "ಹೇಗಿದಾಳೆ?" ಎಂದರು ಆಂಟಿ.

ರೇಗಿಹೋಯಿತು. "ನಂಗೆ ಕಂಡಿದ್ದು ಆ ಮಹಾನುಭಾವ ಒಬ್ಬನೇ ಆಂಟಿ" ಎಂದು ಹೊಟ್ಟೆ ಮುಂದಕ್ಕೆ ಚಾಚಿ, ಅವನಂತೆಯೇ ಬಾತುಕೋಳಿ ನಡಿಗೆ ನಡೆದು ತೋರಿಸಿದೆ. ಬಿಸ್ಕತ್ತು ಹಂಚುತ್ತಿದ್ದ ಅಜ್ಜಿಯೂ ನಕ್ಕಳು.

"ಸೊಂಟ ಇನ್ನೂ ಆಡ್ಬೇಕು ರೀ" ಎಂದಿತು ಹಿಂದಿನಿಂದ ಹೆಣ್ಣು ದನಿ. ತಿರುಗಿದರೆ ಅದೇ ಮೀಸೆ. "ಹೊಟ್ಟೆ ಮಾತ್ರ ಚೆನ್ನಾಗಿದೆ. ನಂಗೆ ದಿಂಬು ಕಟ್ಟಿದಾರೆ, ನಿಮ್ದು ಸ್ವಂತದ್ದಾ?"

ಆಂಟಿ ಚಹಾದ ಲೋಟ ಕೆಳಗಿಟ್ಟು, "ಅಯ್ಯೋ, ನೀನಾ? ಎಡಗಡೆಯಿಂದ ಮೂರನೆಯವಳಲ್ವಾ?" ಎಂದರು.

"ಗಂಡಸರು ಸಾಲ್ಲಿಲ್ಲ ಆಂಟಿ, ನಿನ್ನೆ ನನ್ನೇ ಗಂಡು ಮಾಡ್ಬಿಟ್ರು."

ಗಂಟೆ ಹೊಡೆಯಿತು. ಅವಳು ಮೀಸೆ ಒತ್ತಿಕೊಂಡು ನನ್ನ ಕಡೆ ತಿರುಗಿದಳು.

"ಮುಂದಿನ ಅಂಕದಲ್ಲಿ ಹುಡುಗಿ ನನ್ನನ್ನ ಬೇಡ ಅಂತಾಳೆ. ಆಗ ಮುಖ ಹೇಗಿಟ್ಕೋಬೇಕು ಅಂತ ನೋಡ್ಕೊಳ್ಳಿ. ನಿಮಗೆ ಬೇಕಾಗುತ್ತೆ."