ಬಿದ್ದರೆ ಎಬ್ಬಿಸಬಲ್ಲ ಗಾಡಿ

ಪಾಲಯ್ಯನವರೊಂದಿಗಿನ ಮೊದಲ ಮಾತುಕತೆ ನಿಗದಿಯಾದದ್ದು ಮೂರನೆಯ ಪ್ರಯತ್ನಕ್ಕೆ. ಅವರ ಕುರುಗೋಡಿನ ಮನೆಗೆ ನಾನು ಬರೆದ ಕಾಗದಕ್ಕೆ ಉತ್ತರ ಬರಲಿಲ್ಲ. ಎರಡನೆಯ ಸಲ ಅವರು ಬಾಗಿಲಲ್ಲೇ ನಿಂತು, ದನದ ದವಾಖಾನೆಯ ಕಂಪೌಂಡರನ ಬದುಕಿನಲ್ಲಿ ಬರೆದಿಡುವಂಥದ್ದೇನೂ ಇಲ್ಲವೆಂದು ಹೇಳಿ ಕಳಿಸಿದರು. ಕೊನೆಗೆ ನಡುವೆ ನಿಂತು ಮಾತಾಡಿದವರು ಬಳ್ಳಾರಿಯ ನಿವೃತ್ತ ಶಿಕ್ಷಕಿ ಗುಲ್ಜಾರಬೀ. ಅವರ ತಂದೆ ಅಬ್ದುಲ್ ಸಮದ್ ಯುದ್ಧಕಾಲದಲ್ಲಿ ಕಂಟೋನ್ಮೆಂಟಿನ ಮಿಲಿಟರಿ ಗಾಡಿಗಳ ಮೆಕ್ಯಾನಿಕ್ ಆಗಿದ್ದವರು. ಪಾಲಯ್ಯನವರಿಗೆ ಮೋಟಾರ್ ಸೈಕಲ್ ಕಲಿಸಿದವರು. ಆ ಹೆಸರು ಕಿವಿಗೆ ಬಿದ್ದ ಮೇಲೆ ಪಾಲಯ್ಯನವರು ಒಪ್ಪಿದರು. ಆದರೆ ಹಳೆಯ ದಿನಚರಿ ಸಿಗುವವರೆಗೆ ತಡೆಯಬೇಕೆಂದರು. "ತಾರೀಖು ಇಲ್ಲದ ಮಾತು ನಾ ಆಡಂಗಿಲ್ರಿ." ದಿನಚರಿ ಸಿಕ್ಕಿದ್ದು ಹನ್ನೊಂದು ದಿನಗಳ ನಂತರ. ಮುಂದಿನದೆಲ್ಲ, ಅದನ್ನು ತೊಡೆಯ ಮೇಲಿಟ್ಟುಕೊಂಡು ಅವರು ಹೇಳಿದ್ದು.

೧೯೪೬ರಲ್ಲಿ ಪಾಲಯ್ಯನಿಗೆ ಇಪ್ಪತ್ತಾರು ವರ್ಷ. ಸಿರುಗುಪ್ಪದ ಕಡೆಯ ಹಳ್ಳಿಗಳಲ್ಲಿ ದನಗಳನ್ನು ಹಿಂಡುಹಿಂಡಾಗಿ ಕೊಲ್ಲುವ ದೊಡ್ಡರೋಗಕ್ಕೆ ಲಸಿಕೆ ಹಾಕುವುದು ಅವನ ಕೆಲಸ. ಲಸಿಕೆ ರೈಲಿನಲ್ಲಿ ಬಳ್ಳಾರಿಗೆ ಬರುತ್ತಿತ್ತು. ಅದನ್ನು ಬರ್ಫ, ಅಂದರೆ ಮಂಜುಗಡ್ಡೆ, ತುಂಬಿದ ಫ್ಲಾಸ್ಕಿನಲ್ಲಿಟ್ಟು ಸಿರುಗುಪ್ಪದವರೆಗೆ ಬಸ್ಸಿನಲ್ಲಿ, ಅಲ್ಲಿಂದಾಚೆ ಎತ್ತಿನ ಚಕ್ಕಡಿಯಲ್ಲಿ ಒಯ್ಯಬೇಕು. ಬರ್ಫ ಕರಗಿ ನೀರು ಬೆಚ್ಚಗಾದರೆ ಲಸಿಕೆ ಸತ್ತಂತೆ. ಅದನ್ನು ಚೆಲ್ಲಿಬಿಡಬೇಕೆಂಬುದು ಕಟ್ಟಳೆ.

ಆ ವರ್ಷದ ಅಕ್ಟೋಬರಿನಲ್ಲಿ ರಾರಾವಿಯ ಹಾದಿಯ ಕಪ್ಪು ಎರೆಮಣ್ಣಿನಲ್ಲಿ ಚಕ್ಕಡಿ ಹೂತುಹೋಯಿತು. ಊರು ಮುಟ್ಟಿದಾಗ ಹೊತ್ತು ಇಳಿದಿತ್ತು. ಬೆಳಗಿನಿಂದ ಜನ ದನಗಳನ್ನು ಕಟ್ಟಿಕೊಂಡು ಕಾದಿದ್ದರು. ಪಾಲಯ್ಯ ಫ್ಲಾಸ್ಕಿನಲ್ಲಿ ಬೆರಳು ಅದ್ದಿದ, ನೀರು ಬೆಚ್ಚಗಿತ್ತು. ಅಷ್ಟು ಮುಖಗಳ ಎದುರಿಗೆ "ಇಲ್ಲ, ಹೋಗಿರಿ" ಎನ್ನಲು ಅವನಿಗೆ ಬಾಯಿ ಬರಲಿಲ್ಲ. ಸೂಜಿ ಹಾಕಿದ.

ಮೂರು ವಾರದಲ್ಲಿ ರೋಗ ಬಂತು. ಊರಮ್ಮನೆಂಬ ವಿಧವೆಯ ಎರಡೂ ಎತ್ತುಗಳು ಒಂದೇ ದಿನ ಸತ್ತವು. ಮತ್ತೆ ಅವನು ಆ ಊರಿಗೆ ಹೋದಾಗ ಆಕೆ ಬೈಯಲಿಲ್ಲ. "ಸೂಜಿ ಹಾಕ್ಸಿದ್ನೆಲ್ಲೋ ಯಪ್ಪಾ, ಮತ್ಯಾಕ ಹೋದವು?" ಎಂದು ಕೇಳಿದಳು, ನಿಜವಾಗಿಯೂ ತಿಳಿಯಬೇಕೆಂಬಂತೆ. ಅವನು ಫ್ಲಾಸ್ಕು ಎತ್ತಿಕೊಂಡು ಚಕ್ಕಡಿ ಹತ್ತಿಬಿಟ್ಟ. ಮುಂದಿನ ಮಳೆಗಾಲಕ್ಕೆ ಬರ್ಫ ಕರಗುವ ಮೊದಲು ರಾರಾವಿ ಮುಟ್ಟಬೇಕು: ಆ ಚಳಿಗಾಲವೆಲ್ಲ ಅವನ ತಲೆಯಲ್ಲಿದ್ದದ್ದು ಇದೊಂದೇ.

ಯುದ್ಧ ಮುಗಿದು ಕಂಟೋನ್ಮೆಂಟಿನ ಮೈದಾನದಲ್ಲಿ ಮಿಲಿಟರಿಯವರ ಹಳೆಯ ಮೋಟಾರ್ ಸೈಕಲ್ಲುಗಳನ್ನು ಮಾರಾಟಕ್ಕೆ ನಿಲ್ಲಿಸಿದ್ದರು. ಪಾಲಯ್ಯ ಸ್ವಂತ ಗಾಡಿ ಇಟ್ಟುಕೊಳ್ಳಲು ದವಾಖಾನೆಯ ಮೇಲಿನವರು ಅನುಮತಿ ಕೊಟ್ಟರು. ಅಬ್ದುಲ್ ಸಮದ್ ಹದಿನೈದು ದಿನ ಅದೇ ಮೈದಾನದಲ್ಲಿ ಅವನಿಗೆ ಕ್ಲಚ್ಚು, ಗೇರು ಕಲಿಸಿದ. ಆಯ್ಕೆಗೆ ಉಳಿದದ್ದು ಎರಡು ಗಾಡಿ. ಒಂದು ಐನೂರು ಸಿ.ಸಿ.ಯದು, ಅದರ ಸದ್ದಿಗೆ ಎದೆಯ ಗೂಡೇ ನಡುಗುತ್ತಿತ್ತು. ಇನ್ನೊಂದು, ವಿಮಾನದಿಂದ ಪ್ಯಾರಾಚೂಟ್ ಕಟ್ಟಿ ಇಳಿಸಲೆಂದು ಮಾಡಿದ ನೂರಿಪ್ಪತ್ತೈದು ಸಿ.ಸಿ.ಯ ಕಿರಿಯ ಗಾಡಿ.

"ಇದೇನಲೇ ಸಮದ್, ಹೊಲಿಗಿ ಮಷೀನಿಗೆ ಗಾಲಿ ಹಚ್ಚ್ಯಾರ?" ಎಂದು ಪಾಲಯ್ಯ ನಕ್ಕ.

"ನಗಬ್ಯಾಡ ಭಾಯಿ. ಆದ್ರೂ ನಿನ್ನ ಮನಸು ದೊಡ್ಡದರ ಮ್ಯಾಲೆ ಐತಂತ ಗೊತ್ತೈತಿ, ನಿನ್ನೆಯಿಂದ ಅದರ ಟಾಂಕಿ ಒರಸಾಕ ಹತ್ತೀದಿ."

ನಿಜವೇ ಆಗಿತ್ತು. ದೊಡ್ಡ ಗಾಡಿಯ ಮೇಲೆ ಕುಳಿತಾಗ, ಫ್ಲಾಸ್ಕು ಅಪ್ಪಿಕೊಂಡು ಚಕ್ಕಡಿಯಲ್ಲಿ ಮುದುಡಿ ಕೂರುತ್ತಿದ್ದ ಕಂಪೌಂಡರ್ ಎಲ್ಲೋ ಮಾಯವಾಗುತ್ತಿದ್ದ. ಅವನ ಕಾಲಿನ ತುದಿ ಮಾತ್ರ ನೆಲ ತಾಗುತ್ತಿತ್ತೆಂಬುದು ಅವನಿಗೂ ಗೊತ್ತಿತ್ತು, ಸಮದನಿಗೂ ಗೊತ್ತಿತ್ತು. ಇಬ್ಬರೂ ಆ ಮಾತು ತೆಗೆಯಲಿಲ್ಲ.

ಆದರೆ ಅವನ ಸೋದರಮಾವ ಎರ್ರಣ್ಣ ನೋಡದೆ ಪಾಲಯ್ಯನ ಮನೆಗೆ ಒಂದು ಕರುವೂ ಬಂದದ್ದಿಲ್ಲ. ಎರ್ರಣ್ಣ ಕುರುಗೋಡಿನಲ್ಲಿ ಎತ್ತಿನ ದಲ್ಲಾಳಿ. ಹೆಣ್ಣು ಕೊಟ್ಟ ಮಾವನೂ ಹೌದು. ಅವನ ಮಗಳು, ಪಾಲಯ್ಯನ ಹೆಂಡತಿ ಜಂಬಮ್ಮ "ಏನಾರ ಆಗ್ಲಿ, ಅಪ್ಪನ ಕಣ್ಣಿಗೊಮ್ಮಿ ಹಾಕ್ರಿ" ಎಂದು ಹಟ ಹಿಡಿದಿದ್ದಳು. ೧೯೪೭ರ ಮಾರ್ಚಿನ ಒಂದು ಮುಂಜಾನೆ ಎರ್ರಣ್ಣ ಹೆಗಲ ಮೇಲೆ ವಲ್ಲಿ ಹಾಕಿಕೊಂಡು ಮೈದಾನಕ್ಕೆ ಬಂದ. ದೊಡ್ಡ ಗಾಡಿಯನ್ನು ಎರಡು ಸುತ್ತು ಹಾಕಿದ. ಹಿಂದಿನ ದೀಪವನ್ನು ಬಾಲ ಎತ್ತಿ ನೋಡುವವನಂತೆ ಬಗ್ಗಿ ನೋಡಿದ.

"ಎತ್ತಿನಂಗ ಮೈಮ್ಯಾಲೆ ಸುಳಿ ಅದಾವೇನ್ರಿ ಎರ್ರಣ್ಣಾರ?" ಎಂದು ಸಮದ್ ಕೆಣಕಿದ.

"ಹಲ್ಲೂ ಇಲ್ಲ, ಸುಳೀನೂ ಇಲ್ಲ. ಮಲಗಸ್ರಿ ನೋಡೋಣು."

"ಮಲಗಸೋದ? ಮೋಟಾರ್ ಸೈಕಲ್ಲು ಮಲಗಸ್ತಾರೇನ್ರಿ? ಪೆಟ್ರೋಲ್ ಚೆಲ್ಲತೈತಿ!"

"ಸಾಬರ, ಮೂವತ್ತು ವರ್ಷ ಎತ್ತು ಕೊಡಿಸೀನಿ. ನಿಂತ ಎತ್ತು ಎಲ್ಲಾ ಚಂದನಾ ಕಾಣ್ತಾವ. ಮಲಗಿಸಿ ಎಬ್ಬಸದ ನಾನು ಯಾರಿಗೂ ಕೈ ಎತ್ತಿ ಕೊಟ್ಟಿಲ್ಲ. ಕೆಸರಾಗ ಕುಂತಿದ್ದು ಹೆಂಗ ಏಳತೈತಿ, ಅದು ನೋಡಬೇಕು."

ಕೊಳ್ಳಲು ಬಂದಿದ್ದ ಜನ ನಗುತ್ತ ಸುತ್ತ ನೆರೆದರು. ಪಾಲಯ್ಯನ ಕಿವಿ ಕೆಂಪಾದವು. ಮಾವನ ಮಾತು ಮೀರುವಂತಿರಲಿಲ್ಲ. ಸಮದ್ ಪೆಟ್ರೋಲಿನ ನಲ್ಲಿ ಮುಚ್ಚಿ ಗಾಡಿಯನ್ನು ಮೆಲ್ಲಗೆ ಪಕ್ಕಕ್ಕೆ ಒರಗಿಸಿದ. ಎರ್ರಣ್ಣ ಕಾದ. ನಾಲಗೆಯಿಂದ ಎತ್ತನ್ನು ಹುರಿದುಂಬಿಸುವ ಸದ್ದನ್ನೂ ಮಾಡಿದ. ಮೈದಾನವೆಲ್ಲ ಬಿದ್ದು ಬಿದ್ದು ನಕ್ಕಿತು.

"ಏಳವಲ್ದಲ್ಲೋ ಪಾಲಯ್ಯ!"

"ಅದು ತಾನಾ ಏಳಂಗಿಲ್ರಿ," ಎಂದ ಸಮದ್. "ಮಾಲಕ ಎಬ್ಬಸಬೇಕು."

"ಹಂಗಾದ್ರ ಮಾಲಕ ಎಬ್ಬಸ್ಲಿ."

ಪಾಲಯ್ಯ ಹ್ಯಾಂಡಲ್ ಹಿಡಿದು ಎತ್ತಿದ. ಗಾಡಿ ಒಂದು ಗೇಣು ಎದ್ದು ಮತ್ತೆ ಕೂತಿತು. ಎರಡನೆಯ ಸಲ ಅಂಗಾಲು ಜಾರಿತು. ಮೂರನೆಯ ಸಲ ಗಾಡಿ ಎದ್ದು ನಿಂತಿತು. ಆದರೆ ಸಮದ್ ಹಿಂದಿನಿಂದ ಸದ್ದಿಲ್ಲದೆ ಕ್ಯಾರಿಯರಿಗೆ ಕೈ ಹಚ್ಚಿದ್ದ. ಅದು ಎರ್ರಣ್ಣನ ಕಣ್ಣಿಗೆ ತಪ್ಪಲಿಲ್ಲ. ಅವನು ನಗಲಿಲ್ಲ. ವಲ್ಲಿಯಿಂದ ಮುಖ ಒರೆಸಿಕೊಂಡು ಕೇಳಿದ:

"ರಾರಾವಿ ಎರಿಯಾಗ ಸಾಬರು ಬರ್ತಾರೇನು ನಿನ್ನ ಹಿಂದ?"

ಪಾಲಯ್ಯನಿಗೆ ಮೊದಲು ಬಂದದ್ದು ಸಿಟ್ಟು. ಬೀಳುವ ಮಾತು ಯಾಕೆ, ಬೀಳದಂತೆ ಓಡಿಸಿದರಾಯಿತು ಎಂದುಕೊಂಡ. ಆಮೇಲೆ ಹೂತ ಚಕ್ಕಡಿ ಕಣ್ಣಿಗೆ ಕಟ್ಟಿತು. ಆ ದಿನವೂ ಹೂತುಹೋಗುತ್ತೇವೆಂದು ಯಾರೂ ಹೊರಟಿರಲಿಲ್ಲ. ಗಾಡಿಯನ್ನು ತಾನು ಇಷ್ಟು ದಿನ ಅದು ಓಡುವಾಗಿನ ಚೆಂದಕ್ಕಾಗಿ ನೋಡಿದ್ದೆನೇ ಹೊರತು, ಬರ್ಫ ಕರಗುತ್ತಿರುವಾಗ ಅದು ಕೆಸರಿನಲ್ಲಿ ಬಿದ್ದಿರುವುದನ್ನು ಒಮ್ಮೆಯೂ ನೆನೆದಿರಲಿಲ್ಲ ಎಂಬುದು ಅವನಿಗೆ ಹೊಳೆಯಿತು. "ಮತ್ಯಾಕ ಹೋದವು?" ಎಂಬ ಊರಮ್ಮನ ಪ್ರಶ್ನೆಯೂ ಜೊತೆಗೇ ನೆನಪಾಯಿತು.

ಅವನು ಕಿರಿಯ ಗಾಡಿಯ ಕಡೆ ನಡೆದ. ತಾನಾಗಿ ಅದನ್ನು ಮಲಗಿಸಿದ, ಒಬ್ಬನೇ ಎಬ್ಬಿಸಿದ. ಎಡಕ್ಕೊಮ್ಮೆ, ಬಲಕ್ಕೊಮ್ಮೆ, ಆರೇಳು ಸಲ. ಈಗ ಯಾರೂ ನಗಲಿಲ್ಲ.

"ಮಡ್‌ಗಾರ್ಡಿನಾಗ ಎರಿ ಸಿಗಬೀಳತೈತಿ," ಎಂದ ಸಮದ್. "ನಟ್ಟು ಬಿಚ್ಚಿ ತಗದುಬಿಡ್ತೀನಿ. ಮೈಯೆಲ್ಲಾ ರಾಡಿ ಆಗತೈತಿ, ಗಾಲಿ ಮಾತ್ರ ನಿಲ್ಲಂಗಿಲ್ಲ. ಮೊದಲಾ ಹೇಳಬೇಕಾಗಿತ್ತು ನಾನು. ನಿನ್ನ ಆಸೆ ನೋಡಿ ಬಾಯಿ ಮುಚ್ಚಿಗೊಂಡೆ."

ಕೊಂಡ ಕಿರಿಯ ಗಾಡಿ ಕುರುಗೋಡಿಗೆ ಬಂದಾಗ ಜಂಬಮ್ಮ ಸುತ್ತ ನೋಡಿ, "ಇದರವ್ವ ಯಾವಾಗ ಬರ್ತಾಳ?" ಎಂದಳು. ಆದರೂ ಫ್ಲಾಸ್ಕನ್ನು ಬೆನ್ನಿಗೆ ಕಟ್ಟಿಕೊಳ್ಳಲು ಹಳೆಯ ಸೀರೆಗಳನ್ನು ಒಟ್ಟಿ ಕೌದಿಯ ಚೀಲವೊಂದನ್ನು ಹೊಲಿದುಕೊಟ್ಟಳು.

ಅಕ್ಟೋಬರಿನಲ್ಲಿ ಮತ್ತೆ ರೋಗದ ಸುದ್ದಿ ಬಂತು. ಜೊತೆಗೆ ಎರಡು ದಿನದ ಮಳೆಯೂ ಬಂತು. ಪಾಲಯ್ಯ ಬೆಳಗ್ಗೆ ಬಳ್ಳಾರಿಯಲ್ಲಿ ಬರ್ಫ ತುಂಬಿಕೊಂಡು ಹೊರಟ. ಸಿರುಗುಪ್ಪದವರೆಗೆ ತೊಂದರೆಯಾಗಲಿಲ್ಲ. ಎರೆಯ ಹಾದಿ ಹಿಡಿದು ಎರಡು ಮೈಲಿಯೊಳಗೆ ಮೊದಲ ಸಲ ಬಿದ್ದ. ಎದ್ದ, ಗಾಡಿ ಎಬ್ಬಿಸಿದ, ಕೋಲಿನಿಂದ ಗಾಲಿಯ ಮಣ್ಣು ಕೆರೆದು ಮತ್ತೆ ಕಿಕ್ ಒದ್ದ. ಹಾದಿಯಲ್ಲಿ ಒಬ್ಬ ಮನುಷ್ಯನೂ ಎದುರಾಗಲಿಲ್ಲ. ನಾಲ್ಕನೆಯ ಸಲ ಬಿದ್ದಾಗ ಮೊಣಕಾಲು ಒಡೆಯಿತು. ಪ್ರತಿ ಸಲವೂ ಮೊದಲು ಬೆನ್ನಿನ ಚೀಲ ಮುಟ್ಟಿ ನೋಡುತ್ತಿದ್ದ.

ಮಧ್ಯಾಹ್ನಕ್ಕೆ ಮೊದಲೇ ರಾರಾವಿ ಮುಟ್ಟಿದ. ದನಗಳ ಸಾಲಿನಲ್ಲಿ ಊರಮ್ಮ ಇರಲಿಲ್ಲ. ಆಕೆ ಹೊಸದಾಗಿ ತಂದ ಹೋರಿ ಸಾಲಿನ ಎದುರಿಗಿದ್ದ ಆಕೆಯ ಮನೆಯ ಮುಂದೆ ಕಟ್ಟಿತ್ತು. ಪಾಲಯ್ಯ ಸೂಜಿ ತೆಗೆಯುವ ಮೊದಲು ಆಕೆಯ ಬಳಿ ಹೋಗಿ, ಇಡೀ ಸಾಲಿಗೆ ಕೇಳುವಂತೆ ಹೇಳಿದ:

"ಯವ್ವಾ, ಹ್ವಾದ ವರ್ಷ ಮದ್ದು ಕೆಟ್ಟಿತ್ತು. ಬರ್ಫ ಕರಗಿತ್ತು. ನನಗ ಗೊತ್ತಿತ್ತು. ಗೊತ್ತಿದ್ದೂ ಹಾಕಿದೆ."

ಊರಮ್ಮ ಅವನ ಮೈಮೇಲಿನ ಮಣ್ಣನ್ನು ನೋಡಿದಳು. ಆಮೇಲೆ ಕೈ ಚಾಚಿದಳು. "ತೋರ್ಸು."

ಅವನು ಫ್ಲಾಸ್ಕಿನಿಂದ ಬರ್ಫದ ಒಂದು ತುಂಡು ತೆಗೆದು ಆಕೆಯ ಅಂಗೈಗೆ ಇಟ್ಟ. ಬೆರಳು ಮರಗಟ್ಟುವವರೆಗೆ ಆಕೆ ಅದನ್ನು ಬಿಗಿಹಿಡಿದಳು.

"ಇದು ಇರಲಾರದಕ್ಕ ಹೋದವೇನು?"

"ಹೌದವ್ವ."

ಆಕೆ ಮುಷ್ಟಿ ಬಿಚ್ಚಿದಳು. ಕರಗಿದ ನೀರನ್ನು ಸೆರಗಿಗೆ ಒರೆಸಿಕೊಂಡು ಹೋದಳು. ಎಲ್ಲರ ದನಗಳೂ ಮುಗಿದ ಮೇಲೆ ಕೊನೆಯದಾಗಿ ಹೋರಿಯ ಹಗ್ಗ ಹಿಡಿದುಕೊಂಡು ಬಂದಳು.

ಪಾಲಯ್ಯನವರು ದಿನಚರಿಯ ಆ ಪುಟವನ್ನು ತೆರೆದು ಮುಂದಿಟ್ಟರು, ಅದನ್ನು ಇದ್ದಂತೆಯೇ ಇಲ್ಲಿ ದಾಖಲಿಸಿದ್ದೇನೆ: "೧೯೪೭ ಅಕ್ಟೋಬರ್ ೯, ಗುರುವಾರ. ರಾರಾವಿ. ಲಸಿಕೆ ಹಾಕಿದ ದನ ೮೩. ಹಾದಿಯಲ್ಲಿ ಗಾಡಿ ಬಿದ್ದದ್ದು ಆರು ಸಲ. ಕೊನೆಯ ದನಕ್ಕೆ ಹಾಕುವಾಗಲೂ ಬರ್ಫ ಇತ್ತು."