ಐದು ದ್ವೀಪಗಳ ಪ್ಲಾನು

ಗ್ರೀಸ್ ದೇಶದ ಗೆಳತಿಯ ಮನೆಗೆ ಹೋಗಬೇಕು ಎಂದು ನಮ್ಮ ಗಿರಿಜಕ್ಕ ಹೇಳಿದಾಗ ನನ್ನ ಹೆಂಡತಿ ಸುಮಂಗಲಾ ರೊಟ್ಟಿ ಬಡಿಯುವುದನ್ನೇ ನಿಲ್ಲಿಸಿದಳು. ಅಕ್ಕ ಅದುವರೆಗೆ ಕಂಡಿದ್ದ ಅತಿ ದೂರದ ಊರು ಪಂಢರಪುರ.

ಗಿರಿಜಕ್ಕ ನನ್ನ ಒಡಹುಟ್ಟಿದವಳು. ಮದುವೆಯಾಗಲಿಲ್ಲ. ಯಲಬುರ್ಗಾ, ಕುಷ್ಟಗಿ, ಗಂಗಾವತಿ ಕಡೆಯ ಹಳ್ಳಿಗಳಲ್ಲಿ ನರ್ಸ್ ಆಗಿ ದುಡಿದು ನಿವೃತ್ತಳಾದಳು. ಈಗ ಭಾಗ್ಯನಗರದಲ್ಲಿ ನಮ್ಮ ಜೊತೆಗೇ ಇದ್ದಾಳೆ. ಹಿಂದೆ ಹನುಮನಹಳ್ಳಿಯ ಹತ್ತಿರ ಕೆಲಸದಲ್ಲಿದ್ದಾಗ, ಪ್ರವಾಸಕ್ಕೆ ಬಂದು ಬಂಡೆಯಿಂದ ಜಾರಿ ಕಾಲು ಮುರಿದುಕೊಂಡ ಎಲೇನಿ ಎಂಬ ಗ್ರೀಕ್ ಹೆಂಗಸನ್ನು ಅಕ್ಕ ತನ್ನ ಕ್ವಾರ್ಟರ್ಸಿನಲ್ಲೇ ಇಟ್ಟುಕೊಂಡು ನೋಡಿಕೊಂಡಿದ್ದಳು. ಆ ಸ್ನೇಹ ಉಳಿಯಿತು. ಈಗ ವಾಟ್ಸಾಪ್‌ನಲ್ಲಿ ಮಾತು. ಇಬ್ಬರದೂ ಹರಕು ಇಂಗ್ಲಿಷ್. (ಅದಕ್ಕೇ ಇಷ್ಟು ವರ್ಷ ಜಗಳವಾಗಿಲ್ಲ ಎಂಬುದು ನನ್ನ ಗುಮಾನಿ.)

ಗ್ರೀಸ್ ಎಂಬ ಹೆಸರು ಕಿವಿಗೆ ಬಿದ್ದದ್ದೇ ತಡ, ನಾನು ಪ್ಲಾನ್ ಶುರು ಮಾಡಿದೆ. ಅಷ್ಟು ದೂರ ಹೋಗಿ ಒಂದೇ ಊರು ನೋಡಿ ಬರುವುದುಂಟೇ? ಮೈಕೊನೋಸ್, ಪಾರೋಸ್, ನಾಕ್ಸೋಸ್, ಸ್ಯಾಂಟೊರಿನಿ, ಕ್ರೀಟ್. ಒಂದು ದ್ವೀಪದಿಂದ ಇನ್ನೊಂದಕ್ಕೆ ಫೆರಿ ಹಡಗು. ಅಕ್ಕನ ಜೊತೆಗೆ ನಾವು ಗಂಡ ಹೆಂಡತಿಯೂ ಹೊರಡುವುದೆಂದಾಯಿತು. ಸುಮಂಗಲಾ ಸೂರ್ಯಾಸ್ತದ ಫೋಟೊಕ್ಕೆ ಜಾಗ ಹುಡುಕತೊಡಗಿದಳು. (ಅಂಜನಾದ್ರಿಯ ಸೂರ್ಯಾಸ್ತಕ್ಕೆ ಒಮ್ಮೆಯೂ ಬೆಟ್ಟ ಹತ್ತಿದವಳಲ್ಲ.) ಎಲೇನಿ ಇರುವುದು ನಾಕ್ಸೋಸ್‌ನಲ್ಲಿ. ಅವಳ ಮನೆಯಲ್ಲಿ ಒಂದು ಊಟ, ಮುಂದಿನ ಫೆರಿ.

ಅಕ್ಕನಿಗೆ ನೀರಿನ ಪ್ರಯಾಣ ಒಗ್ಗುತ್ತದೋ ಇಲ್ಲವೋ? ಪರೀಕ್ಷಿಸಲು ಒಂದು ಭಾನುವಾರ ಆನೆಗೊಂದಿಗೆ ಹೋಗಿ ಮೂವರೂ ಹರಿಗೋಲು ಹತ್ತಿದೆವು. ಅದು ಒಂದು ಸುತ್ತು ತಿರುಗಿದ್ದೇ ನಾನು ಅಂಚು ಹಿಡಿದು ಕಣ್ಣು ಮುಚ್ಚಿದೆ. ಅಕ್ಕ ಸೆರಗು ಸರಿಮಾಡಿಕೊಂಡು ಆರಾಮಾಗಿ ಕೂತಿದ್ದಳು. ಎಲೇನಿ ಮನೆಯಲ್ಲಿ ಎಷ್ಟು ಹೊತ್ತು ಇರುತ್ತೇವೆ ಎಂದು ಕೇಳಿದಳು. ಮಧ್ಯಾಹ್ನದ ಊಟದ ತನಕ ಎಂದೆ.

"ನಾ ದ್ವೀಪ ನೋಡ್ಬೇಕಂತ ಯಾವಾಗ ಅಂದೆ? ಎಲೇನಿ ಮನಿಗೆ ಹೋಗ್ಬೇಕಂದೆ," ಎಂದಳು ಅಕ್ಕ. ಆಮೇಲೆ ನೀರು ನೋಡುತ್ತ ಮೆಲ್ಲಗೆ ಹೇಳಿದಳು: "ಆಕಿ ಕಣ್ಣು ಮಂಜಾಗಾಕತ್ತಾವು. ಪೂರಾ ಹೋಗೂದ್ರೊಳಗ ಆಕಿ ನನ್ನ ಮುಖ ನೋಡ್ಬೇಕಂತ."

ಇಷ್ಟು ದಿನ ಅವಳು ಇದನ್ನು ಯಾಕೆ ಹೇಳಲಿಲ್ಲ? ಕೇಳಿದ್ದರಲ್ಲವೇ ಹೇಳುವುದು. ನಾವು ಫೆರಿಯ ಟೈಮಿಂಗ್ ಓದುತ್ತಿದ್ದೆವು.

ಮನೆಗೆ ಬಂದ ಮೇಲೆ ತೀರ್ಮಾನ ಮಾಡಿದವಳು ಸುಮಂಗಲಾ. "ಅಕ್ಕಾರ, ನೀವೊಬ್ರ ಹೋಗ್ರಿ. ನಾವು ಬಂದ್ರ ಅಲ್ಲೂ ನಿಮಗ ನಮ್ಮದ ಕಾಟ," ಎಂದಳು. ಸೂರ್ಯಾಸ್ತವನ್ನು ಅವಳು ಅಷ್ಟು ಸಲೀಸಾಗಿ ಬಿಟ್ಟುಕೊಟ್ಟದ್ದು ನನಗೆ ಈಗಲೂ ಆಶ್ಚರ್ಯ.

ಅಕ್ಕ ಒಬ್ಬಳೇ ಹೋದಳು. ಬೆಂಗಳೂರಿನ ಏರ್‌ಪೋರ್ಟಿನಲ್ಲಿ ನನ್ನ ಕೈ ಗಟ್ಟಿಯಾಗಿ ಹಿಡಿದಿದ್ದಳು, ಆಮೇಲೆ ತಾನೇ ಬಿಟ್ಟಳು. ಹಿಂತಿರುಗಿ ನೋಡಲಿಲ್ಲ.

ಮೂರು ವಾರ ನಾಕ್ಸೋಸ್ ಬಿಟ್ಟು ಕದಲದೆ ಇದ್ದು ಬಂದವಳನ್ನು ಏನು ನೋಡಿದೆ ಎಂದು ಕೇಳಿದೆ. ಎಲೇನಿಗೆ ಒಳಗಿನ ಬೆಳಕು ಸಾಲುತ್ತಿರಲಿಲ್ಲವಂತೆ. ದಿನಾ ಬೆಳಿಗ್ಗೆ ಅಂಗಳದ ಬಿಸಿಲಿಗೆ ಕುರ್ಚಿ ಎಳೆದುಕೊಂಡು ಎದುರುಬದುರು ಕೂರುತ್ತಿದ್ದರಂತೆ. ತೀರಾ ಹತ್ತಿರ ಬಗ್ಗಿದರೆ ಅವಳಿಗೆ ಅಕ್ಕನ ಮುಖ ಕಾಣುತ್ತಿತ್ತಂತೆ. "ಮುದುಕಿ ಆಗೀದಿ ಅಂತ ನಕ್ಳು," ಎಂದಳು ಅಕ್ಕ. ಹೇಳುವಾಗ ತಾನೂ ನಕ್ಕಳು, ಕಣ್ಣೊರೆಸಿಕೊಂಡಳು.

ನಮ್ಮ ಓಣಿಯವರು ಈಗಲೂ ಎಷ್ಟು ದ್ವೀಪ ಆದವು ಎಂದು ಕೇಳುತ್ತಾರೆ. ಒಂದೇ ಎಂದರೆ ಮರುಗುತ್ತಾರೆ.

ನೋಡಲು ಹೋಗುವುದು ಬೇರೆ, ಕಾಣಲು ಹೋಗುವುದು ಬೇರೆ ಎಂದು ಇವರಿಗೆ ಹೇಗೆ ಹೇಳುವುದು?